ಟೌನೊನ ಹೆಸರಲ್ಲಿ ಕಿತ್ತ ಹಲ್ಲು

ಕಾರ್ಪಿ ಕ್ರಾಸ್‌ರೋಡ್, ಅಪ್ಪರ್ ಮಿಷಿಗನ್
ಬುಧವಾರ, 16 ಅಕ್ಟೋಬರ್ 2019

ಪ್ರೀತಿಯ ರೇನೊ,

ಹೇಗಿದ್ದೀಯ? ಮಂಡಿ ಹೇಗಿದೆ? ಫೋನಿನಲ್ಲಿ ಕೇಳಿದರೆ “ಏನೂ ಇಲ್ಲ ಕಣೇ, ಕುದುರೆ ಥರ ಇದೀನಿ” ಅನ್ನುತ್ತೀಯ. ಆದರೆ ಹಡಗಿನ ಅಡುಗೆಮನೆಯಿಂದ ಉಗ್ರಾಣಕ್ಕೆ ಆ ಕಬ್ಬಿಣದ ಮೆಟ್ಟಿಲು ಹತ್ತಿಳಿದು ಸಂಜೆ ಹೊತ್ತಿಗೆ ನಿನ್ನ ಕುದುರೆ ಕುಂಟುತ್ತದೆ ಎಂದು ನಿನ್ನ ಜೊತೆಯ ಅಡುಗೆಯವನು ತನ್ನ ಹೆಂಡತಿಗೆ ಹೇಳಿದ್ದಾನೆ, ಅವಳು ನನಗೆ ಹೇಳಿದಳು. ಮುಲಾಮು ನಿನ್ನ ಚೀಲದ ಪಕ್ಕದ ಜೇಬಿನಲ್ಲಿದೆ. ಆಗಸ್ಟ್‌ನಲ್ಲಿ ನಾನೇ ಇಟ್ಟದ್ದು. ನೀನು ಇನ್ನೂ ಅದರ ಮುಚ್ಚಳ ತೆಗೆದಿಲ್ಲ ಎಂದು ಪಂದ್ಯ ಕಟ್ಟಲೂ ಸಿದ್ಧಳಿದ್ದೇನೆ. ದಯವಿಟ್ಟು ಹಚ್ಚಿಕೋ. ಇದು ನಿನ್ನ ಕೊನೆಯ ಹಂಗಾಮು, ಜನವರಿಗೆ ಎರಡು ಕಾಲಿನ ಮೇಲೆ ನಡೆದುಕೊಂಡು ಮನೆಗೆ ಬಂದರೆ ಸಾಕು. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ನಮ್ಮ ಹಬೆಸ್ನಾನದ ಮನೆ, ಸೌನಾದ ಹೊಗೆಕೊಳವೆ ಗುಡಿಸಿದ್ದಾಯಿತು, ಸೌದೆ ಅರ್ಧ ಒಟ್ಟಿ ಆಗಿದೆ, ನಾಯಿ ಮತ್ತೆ ಮುಳ್ಳುಹಂದಿಯ ಜೊತೆ ಜಗಳಕ್ಕೆ ಹೋಗಿ ಮೂತಿ ತುಂಬ ಮುಳ್ಳು ಚುಚ್ಚಿಸಿಕೊಂಡು ಬಂದಿತ್ತು. ಮೊನ್ನೆ ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅದನ್ನು ನೋಡಿದಾಗಿನಿಂದ ದಿನ ಎಣಿಸುತ್ತಿದ್ದೇನೆ.

ಫೋನ್ ಮಾಡದೆ ಕಾಗದ ಯಾಕೆ ಬರೆದಳು ಎಂದು ನೀನು ಕೇಳಬಹುದು. ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು “ಸಿಗ್ನಲ್ ಹೋಗ್ತಿದೆ, ಸಿಗ್ನಲ್ ಹೋಗ್ತಿದೆ” ಎಂದು ಇಟ್ಟುಬಿಡುತ್ತೀಯ. ನಲವತ್ತು ವರ್ಷದ ಸಂಸಾರ, ನಿನ್ನ ಸಿಗ್ನಲ್ ಯಾವಾಗ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲವೇ? ಕಾಗದವಾದರೆ ಹಾಗಲ್ಲ. ಹಡಗು ಡೆಟ್ರಾಯಿಟ್ ನದಿ ದಾಟುವಾಗ ಅಂಚೆಯ ದೋಣಿ ಪಕ್ಕಕ್ಕೆ ಬರುತ್ತದೆ, ನೀವು ಹಗ್ಗದಲ್ಲಿ ಬಕೆಟ್ ಇಳಿಬಿಡುತ್ತೀರಿ, ಬಕೆಟ್‌ನಲ್ಲಿ ಬಂದದ್ದನ್ನು ನೀನು ಓದಲೇಬೇಕು. ಒಂದು ಕಡೆ ಕೂತು ಓದು. ನಿಂತುಕೊಂಡು ಓದಬೇಡ.

ವಿಷಯ ನನ್ನ ಅನಾಮಧೇಯರದು. “ಇವತ್ತು ಊಟಕ್ಕೆ ಎಷ್ಟು ಹೆಣ ಕರ್ದಿದೀಯ? ತಟ್ಟೆ ಸಾಕಾಗುತ್ತಾ?” ಎಂದು ನೀನು ರೇಗಿಸುತ್ತೀಯಲ್ಲ, ಅವರದು. ಶಾಲೆಯ ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ಆರು ವರ್ಷದಿಂದ, ಎಲ್ಲೋ ಸಿಕ್ಕಿದ, ಯಾರದೆಂದು ಗೊತ್ತಾಗದ ಮೂಳೆಗಳ ವಿವರವನ್ನೂ ಕಾಣೆಯಾದವರ ಪಟ್ಟಿಯನ್ನೂ ನನ್ನಂಥ ಹವ್ಯಾಸಿಗಳ ಗುಂಪಿನ ಜೊತೆ ಸೇರಿ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತೇನೆ. ಆರು ವರ್ಷದಲ್ಲಿ ನಮ್ಮ ಗುಂಪಿಗೆ ಹೊಂದಿಕೆಯಾದದ್ದು ಒಂದೇ ಒಂದು, ಅದನ್ನೂ ಪೊಲೀಸರು ನಮಗಿಂತ ಎರಡು ದಿನ ಮೊದಲೇ ಕಂಡುಹಿಡಿದಿದ್ದರು. ನೀನು ಅದಕ್ಕೆ ಎಷ್ಟು ನಕ್ಕೆ! ನಗು, ಪರವಾಗಿಲ್ಲ. ಆದರೆ ಟೌನೊನ ಹೆಸರು ಬಂದ ದಿನ ಮಾತ್ರ ನೀನು ನಗುವುದಿಲ್ಲ, ಕೊಡಲಿ ತೆಗೆದುಕೊಂಡು ಸೌದೆ ಮನೆಗೆ ಹೋಗಿಬಿಡುತ್ತೀಯ. ನಮ್ಮ ಮದುವೆಯಲ್ಲಿ ನಿನ್ನ ಪಕ್ಕ ನಿಂತ ಹುಡುಗ, ನಿನ್ನ ಜೀವದ ಗೆಳೆಯ, ಮೂವತ್ತೆಂಟು ವರ್ಷದ ಹಿಂದೆ ಇದೇ ಅಕ್ಟೋಬರಿನಲ್ಲಿ ಕಾಣೆಯಾದವನು. ಈ ಕಾಗದ ಅವನ ಕುರಿತೇ. ಈಗ ಎದ್ದು ಹೋಗಬೇಡ, ಹಡಗಿನಲ್ಲಿ ಸೌದೆ ಮನೆ ಇಲ್ಲ.

ವಿಸ್ಕಾನ್ಸಿನ್ ಕಡೆ, ರೈಲು ಹಳಿಯ ಪಕ್ಕದ ಬಂಡೆಯ ಕೊರಕಲಿನಲ್ಲಿ, 1983ರ ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋದವರಿಗೆ ಒಬ್ಬ ಗಂಡಸಿನ ಮೂಳೆಗಳು ಸಿಕ್ಕಿದ್ದವು. ವಯಸ್ಸು ಇಪ್ಪತ್ತು ಮೂವತ್ತರ ನಡುವೆ. ತೊಡೆಯ ಮೂಳೆ ಮುರಿದಿತ್ತು. ಹಲ್ಲು ಮಾತ್ರ ಮುತ್ತಿನಂಥವು, ಒಂದೂ ಹುಳುಕಿಲ್ಲ, ಒಂದೂ ಬಿದ್ದಿಲ್ಲ. ಹೆಸರು ಸಿಗಲಿಲ್ಲ, ಅಲ್ಲಿನ ಸರಕಾರಿ ಸ್ಮಶಾನದಲ್ಲಿ ಹೂತು ಮೇಲೆ ಒಂದು ನಂಬರಿನ ಕಲ್ಲು ಇಟ್ಟರು. ಈ ಆಗಸ್ಟ್‌ನಲ್ಲಿ ಅವನ ಜೊತೆ ಸಿಕ್ಕ ವಸ್ತುಗಳ ಫೋಟೋವನ್ನು ಅಲ್ಲಿನ ಪೊಲೀಸರು ಇಂಟರ್ನೆಟ್ಟಿನಲ್ಲಿ ಹಾಕಿದರು. ಅದರಲ್ಲೊಂದು ಚಾಕು. ಅಲ್ಲಿನ ಗುಮಾಸ್ತ “ಕೈಯಲ್ಲಿ ಮಾಡಿದ ಬೇಟೆ ಚಾಕು” ಎಂದು ಬರೆದು ಕೈ ತೊಳೆದುಕೊಂಡಿದ್ದ. ಬರ್ಚ್ ಮರದ ತೊಗಟೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿದ ಹಿಡಿ ಅದಕ್ಕೆ. ನಮ್ಮ ಫಿನ್ನಿಷ್ ಮನೆಗಳಲ್ಲಿ ಅಂಬೆಗಾಲಿಡುವ ಮಗುವೂ ಅದನ್ನು ಪೂಕ್ಕೊ ಎಂದು ಗುರುತು ಹಿಡಿಯುತ್ತದೆ. ಈತ ನಮ್ಮವರ ಪೈಕಿ ಯಾರೋ ಎಂದು ಅವತ್ತೇ ನನಗೆ ಅನ್ನಿಸಿಹೋಯಿತು.

ಗ್ಲೆಂಡಾಗೆ ಹೇಳಿದೆ. ಅವಳು ನಿನಗೆ ಗೊತ್ತಲ್ಲ, ಮೂವತ್ತು ವರ್ಷ ಹಲ್ಲಿನ ಡಾಕ್ಟರ ಕೈಕೆಳಗೆ ಕೆಲಸ ಮಾಡಿದವಳು, ನಮ್ಮ ಗುಂಪಿನವಳೇ, ಪ್ರತಿ ಮಂಗಳವಾರ ವೀಡಿಯೋ ಕರೆಯಲ್ಲಿ ನನ್ನ ಕಂಪ್ಯೂಟರಿನೊಳಗೆ ಕೂತು ಜೋರಾಗಿ ಬಿಸ್ಕತ್ತು ತಿನ್ನುವವಳು. ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ: ‘ಇವನಲ್ಲ’ ಎಂದು ಪೊಲೀಸರು ಒಮ್ಮೆ ಹೊಡೆದುಹಾಕಿದ ಹೆಸರುಗಳ ಕಡೆ ಮತ್ತೆ ತಿರುಗಿ ನೋಡುವಂತಿಲ್ಲ, ಇಲ್ಲದಿದ್ದರೆ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತಬೇಕಾಗುತ್ತದೆ. ನಾನು ಸುಮ್ಮನೆ ಕುತೂಹಲಕ್ಕೆ ಆ ಪಟ್ಟಿ ತೆರೆದೆ. ಹನ್ನೊಂದು ಹೆಸರು. ಏಳನೆಯದು ಟೌನೊ ಕಂಗಾಸ್. ಅವನ ಹೆಸರು ಅಲ್ಲಿತ್ತೆಂದು ನಮಗೆ ಯಾರೂ ಹೇಳಿರಲಿಲ್ಲ ರೇನೊ. 1984ರಲ್ಲಿ ಅವನ ಅಮ್ಮನಿಗೂ “ಒಂದು ಕಡೆ ಮೂಳೆ ಸಿಕ್ಕಿತ್ತು, ನಿಮ್ಮ ಮಗನದಲ್ಲ” ಎಂದಷ್ಟೇ ಹೇಳಿ ಹೋಗಿದ್ದರು. ಕಾರಣ ಪಟ್ಟಿಯಲ್ಲಿತ್ತು: ಗಣಿ ಕಂಪನಿಯ ಹಲ್ಲಿನ ಡಾಕ್ಟರ ದಾಖಲೆ ಪ್ರಕಾರ 1970ರ ವಸಂತದಲ್ಲಿ ಟೌನೊನ ಮೇಲ್ದವಡೆಯ ಬಲಗಡೆಯ ಒಂದು ಹಲ್ಲು ಕಿತ್ತಿದ್ದಾರೆ. ತಲೆಬುರುಡೆಯಲ್ಲಿ ಆ ಹಲ್ಲು ಇದೆ. ಗ್ಲೆಂಡಾ ಬಿಸ್ಕತ್ತು ಅಗಿಯುತ್ತಲೇ “ಕಿತ್ತ ಹಲ್ಲು ಮತ್ತೆ ಹುಟ್ಟಲ್ಲಮ್ಮ. ಇವನಲ್ಲ. ಮುಂದಕ್ಕೆ ಹೋಗು” ಅಂದಳು. ನಾನೂ ಮುಂದಕ್ಕೆ ಹೋದೆ. ಎಂಟು, ಒಂಬತ್ತು, ಹತ್ತು ಓದಿದೆ. ಆಮೇಲೆ ಒಲೆಯ ಮೇಲಿದ್ದ ಆಲೂಗಡ್ಡೆ ನೋಡಲು ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಬಾಗಿಲ ಮೇಲೆ ನಿನ್ನ ಫೋಟೋ ಇದೆಯಲ್ಲ, ದೊಡ್ಡ ಮೀನು ಎತ್ತಿ ಹಿಡಿದು ಬಾಯಿ ಬಿಟ್ಟು ನಗುತ್ತಿರುವುದು. ಮೇಲ್ದವಡೆ, ಬಲಗಡೆ, ಆ ಸಂದು. ಅದನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನೀನು ಆ ಕಥೆ ಹೇಳುತ್ತಿದ್ದೆ ರೇನೊ. ನಮ್ಮ ಮದುವೆಯಾದ ಹೊಸದರಲ್ಲಿ, ಪ್ರತಿ ಶನಿವಾರ ಸೌನಾ ಮುಗಿದು ಎಲ್ಲರೂ ಮೆಟ್ಟಿಲ ಮೇಲೆ ಕೂತು ಬಿಯರ್ ಕುಡಿಯುವಾಗ, ಟೌನೊನೂ ಪಕ್ಕದಲ್ಲಿರುವಾಗಲೇ ಹೇಳುತ್ತಿದ್ದೆ. ನಿಮ್ಮಪ್ಪ ಕಾಡಿನಲ್ಲಿ ಮರ ಕಡಿಯುವವರು, ಅವರಿಗೆ ಡಾಕ್ಟರೂ ಇಲ್ಲ ಕಾರ್ಡೂ ಇಲ್ಲ. ಟೌನೊನ ಅಪ್ಪ ಗಣಿಯಲ್ಲಿ, ಅವರ ಮಕ್ಕಳಿಗೆ ಕಂಪನಿಯ ಡಾಕ್ಟರಿಗೆ ಬಿಟ್ಟಿಯಾಗಿ ತೋರಿಸುವ ಕಾರ್ಡು. “ಹಲ್ಲಿದ್ದೋನಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋನಿಗೆ ಹಲ್ಲಿಲ್ಲ ಅಂತಾರಲ್ಲ, ನಮ್ಮದು ಹಂಗೇ ಆಯ್ತು: ಕಾರ್ಡಿದ್ದೋನಿಗೆ ಹಲ್ಲುನೋವಿಲ್ಲ, ಹಲ್ಲುನೋವಿದ್ದೋನಿಗೆ ಕಾರ್ಡಿಲ್ಲ” ಎಂದು ಶುರು ಮಾಡುತ್ತಿದ್ದೆ. ಹದಿನೈದು ವರ್ಷದ ನೀನು ಟೌನೊನ ಕಾರ್ಡು ಹಿಡಿದು ಹೋದದ್ದು, ನರ್ಸು “ಟೌನೊ ಕಂಗಾಸ್! ಟೌನೊ ಕಂಗಾಸ್!” ಎಂದು ಮೂರು ಸಲ ಕೂಗಿದರೂ ನೀನು ಗೋಡೆ ನೋಡುತ್ತಾ ಕೂತದ್ದು, ಕೊನೆಗೆ ಅವಳು ಬಂದು “ಏನೋ, ಹಲ್ಲು ನೋವೋ ಕಿವಿ ನೋವೋ?” ಎಂದು ಭುಜ ತಿವಿದದ್ದು. ಟೌನೊ ತನ್ನ ಒಳ್ಳೆಯ ಹಲ್ಲು ಕಿರಿದು “ನನ್ನ ಹೆಸರಲ್ಲಿ ಹಲ್ಲು ಕೀಳಿಸ್ಕೊಂಡಿದಾನೆ, ನಾಳೆ ನನಗೆ ಇದೇ ಹಲ್ಲು ನೋಯ್ತು ಅಂದ್ರೆ ಅದು ಆಗ್ಲೇ ಕಿತ್ತಾಗಿದೆ ಅಂತಾರೆ ಕಂಪನಿಯವರು” ಎನ್ನುತ್ತಿದ್ದ. ಅವನು ಕಾಣೆಯಾದ ಮೇಲೆ ನೀನು ಆ ಕಥೆ ಹೇಳುವುದು ನಿಲ್ಲಿಸಿದೆ, ನಾನೂ ಮರೆತೆ. ನನ್ನ ಕಣ್ಣೆದುರಿಗೇ ಇದ್ದದ್ದನ್ನು ಮರೆತು ಆರು ವರ್ಷ ಊರ ಮೂಳೆ ಹುಡುಕಿದೆ.

ಗ್ಲೆಂಡಾಗೆ ಹೇಳಿದಾಗ ಅವಳು ಅಗಿಯುವುದು ನಿಲ್ಲಿಸಿದಳು. “ಗಂಡನ್ನ ಕೇಳಿದ್ಯಾ?” ಅಂದಳು. ಹಡಗಿನಲ್ಲಿದ್ದಾನೆ ಅಂದೆ. “ಹಡಗಲ್ಲಿದ್ರೆ ಏನಂತೆ, ಬಾಯಿ ಜೊತೇಲೇ ಇರುತ್ತಲ್ಲ!” ಎಂದು ಬೈದಳು. ಮರುದಿನವೇ ಮೂಳೆ ಸಿಕ್ಕ ಕಡೆಯ ಪೊಲೀಸ್ ಅಧಿಕಾರಿಗೆ ನನ್ನಿಂದ ಫೋನ್ ಮಾಡಿಸಿದಳು. ಆಕೆ ಒಳ್ಳೆಯ ಹೆಂಗಸು, ಪಾಪ, ಆದರೆ ಕಾಗದ ಇಲ್ಲದೆ ಅಲುಗುವವರಲ್ಲ. ಹಲ್ಲಿನ ದಾಖಲೆ ‘ಅಲ್ಲ’ ಎನ್ನುತ್ತಿರುವಾಗ ಗೋರಿ ಅಗೆಯಲು ನ್ಯಾಯಾಧೀಶರನ್ನು ಕೇಳುವುದಕ್ಕಾಗುವುದಿಲ್ಲವಂತೆ. ಆ ದಾಖಲೆ ಟೌನೊನದಲ್ಲ, ತನ್ನದು ಎಂದು ನೀನು ಕೈಯಾರೆ ಬರೆದು ಸಹಿ ಮಾಡಿ ಕೊಡಬೇಕು, ನಮ್ಮೂರ ಹಲ್ಲಿನ ಡಾಕ್ಟರಿಗೆ ನಿನ್ನ ಎಕ್ಸ್‌ರೇ ಕಳಿಸಲು ಒಪ್ಪಿಗೆ ಕೊಡಬೇಕು. ಅಷ್ಟಾದರೆ ಅಗೆದು, ಮೂಳೆಯ ಡಿಎನ್‌ಎ ತೆಗೆದು, ಅವನ ಅಮ್ಮನ ಎಂಜಲಿನ ಮಾದರಿಯ ಜೊತೆ ಹೋಲಿಸುತ್ತಾರೆ. ನವೆಂಬರಿನ ಹತ್ತರೊಳಗೆ ಆದರೆ ಆಯಿತು. ಆಮೇಲೆ ನೆಲ ಹೆಪ್ಪುಗಟ್ಟುತ್ತದೆ, ಮೇ ತಿಂಗಳವರೆಗೆ ಗುದ್ದಲಿ ಇಳಿಯುವುದಿಲ್ಲ. ಟೌನೊನ ಅಮ್ಮ, ನಮ್ಮ ಹಿಲ್ಯಾ ಚಿಕ್ಕಮ್ಮನಿಗೆ ಈಗ ತೊಂಬತ್ತೊಂದು. ಅವರ ಹೃದಯ ಹಿಮ ಕರಗುವವರೆಗೆ ತಡೆಯುವುದು ಕಷ್ಟ ಎಂದು ವೃದ್ಧಾಶ್ರಮದ ಡಾಕ್ಟರು ಹೇಳಿದ್ದಾರೆ. ಮಗ ಎಲ್ಲಿದ್ದಾನೆಂದು ತಿಳಿಯದೆ ಆ ತಾಯಿ ಹೋಗಿಬಿಡುತ್ತಾರಲ್ಲ ಎಂಬುದೇ ನನ್ನ ಭಯ.

ಈಗ ಕಷ್ಟದ ಮಾತು. ನೀನು ಸಹಿ ಹಾಕಿದ ದಿನ ಅವರು ಮೊದಲು ಕೇಳುವ ಪ್ರಶ್ನೆ ಕೊನೆಯ ಸಲ ಅವನನ್ನು ಯಾವಾಗ ನೋಡಿದೆ ಎಂದು. 1981ರ ಆ ಅಕ್ಟೋಬರಿನಲ್ಲಿ ಹಡಗಿನಲ್ಲಿ ಒಂದೇ ಜಾಗ ಖಾಲಿ ಇತ್ತು. ಗಣಿಯಿಂದ ಕೆಲಸ ಕಳೆದುಕೊಂಡಿದ್ದ ಟೌನೊನೂ ಅರ್ಜಿ ಹಾಕಿದ್ದ, ನೀನೂ ಹಾಕಿದ್ದೆ, ನಿನಗೆ ಸಿಕ್ಕಿತು. ಅವನಿಗೆ ಹೇಳದೆ ನಾಲ್ಕು ದಿನ ಮುಚ್ಚಿಟ್ಟೆ. ಹೊರಡುವ ಹಿಂದಿನ ದಿನ ಅವನಿಗೆ ಗೊತ್ತಾಯಿತು. ಅವತ್ತು ಸಂಜೆ ನೀನು ಬೆರಳ ಗೆಣ್ಣು ಸುಲಿದುಕೊಂಡು ರಕ್ತ ಸುರಿಸುತ್ತಾ ಬಂದೆ, “ಸೌದೆ ಮನೆ ಬಾಗ್ಲು ತಗುಲ್ತು” ಅಂದೆ. ನಾನು ಬಟ್ಟೆ ಕಟ್ಟಿದೆ, ಏನೂ ಕೇಳಲಿಲ್ಲ. ಮರುದಿನ ನೀನು ಹಡಗು ಹತ್ತಿದೆ. ಆಮೇಲೆ ಟೌನೊನನ್ನು ಊರಿನಲ್ಲಿ ಯಾರೂ ನೋಡಲಿಲ್ಲ. ಜನವರಿಯಲ್ಲಿ ನೀನು ಬಂದು, “ಅಲಾಸ್ಕಾಗೆ ಹೋಗ್ತೀನಿ ಅಂತಿದ್ದ, ಅಲ್ಲೇ ಇರ್ತಾನೆ ಬಿಡಿ ಚಿಕ್ಕಮ್ಮ” ಎಂದು ಅವರಿಗೆ ಸಮಾಧಾನ ಹೇಳಿದೆ. ನಿನ್ನ ಕಣ್ಣಿನಲ್ಲಿ ಸಮಾಧಾನ ಇರಲಿಲ್ಲ.

ಮುಚ್ಚಿಡುವುದಿಲ್ಲ. ಹೋದ ಮಂಗಳವಾರ ಇಡೀ ಮಧ್ಯಾಹ್ನ ನಾನು ನಿನ್ನನ್ನು ಅನುಮಾನಿಸಿದೆ. ನಿನ್ನ ಅಂಗಿಗೆ ಗುಂಡಿ ಹೊಲಿಯುತ್ತಾ ಅನುಮಾನಿಸಿದೆ. ಮೂರು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಆಮೇಲೆ ಮೂಳೆ ಸಿಕ್ಕಿದ್ದು ನಮ್ಮೂರಿಂದ ನೂರು ಮೈಲಿ ಆಚೆ ಎಂದೂ, ಟೌನೊ ಅದಿರಿನ ರೈಲಿಗೆ ಹಾರಿ ಹತ್ತುವ ಹುಚ್ಚ ಎಂದೂ, ತೊಡೆ ಮುರಿದದ್ದು ರೈಲಿನಿಂದ ಬಿದ್ದವನಿಗೆ ಸರಿಹೊಂದುತ್ತದೆ ಎಂದೂ ನನಗೆ ನಾನೇ ಹೇಳಿಕೊಂಡೆ. ನಿನ್ನನ್ನು ನಂಬಲು ನನಗೆ ಭೂಪಟ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಕ್ಷಮಿಸು. ಆದರೆ ಪೊಲೀಸರು ಕ್ಷಮೆ ಕೇಳುವವರಲ್ಲ, ಪ್ರಶ್ನೆ ಕೇಳುವವರು. ನಿನಗೆ ಅರವತ್ತನಾಲ್ಕು ವರ್ಷ, ಇನ್ನು ಮೂರು ತಿಂಗಳಿಗೆ ಮನೆಗೆ ಬಂದು ಮೀನು ಹಿಡಿಯುತ್ತಾ ಇರಬೇಕಾದವನು.

ಸೋಮವಾರ ಚಿಕ್ಕಮ್ಮನನ್ನು ನೋಡಲು ಏಲಕ್ಕಿ ಬ್ರೆಡ್ ಮಾಡಿಕೊಂಡು ಹೋಗಿದ್ದೆ. ಕಾಫಿಯಲ್ಲಿ ಅದ್ದಿ ತಿಂದರು. “ಏನಾದ್ರೂ ಹೊಸದು ಇದ್ಯಾ?” ಎಂದು ಎಂದಿನಂತೆ, ಮಳೆ ಬರುತ್ತಾ ಎಂದು ಕೇಳುವವರ ಹಾಗೆ ಕೇಳಿದರು. ಶುಕ್ರವಾರ ಪೊಲೀಸಿನವರು ಬಂದು ಕೆನ್ನೆಯೊಳಗಿನ ಎಂಜಲು ತೆಗೆದುಕೊಳ್ಳುತ್ತಾರೆ, ಕಾಣೆಯಾದವರ ಮನೆಯವರೆಲ್ಲರದೂ ತೆಗೆಯುತ್ತಿದ್ದಾರೆ ಎಂದು ಸುಳ್ಳು ಹೇಳಿದೆ. “ಎಂಜಲು ತಾನೆ, ಬೇಕಾದಷ್ಟಿದೆ, ಹಲ್ಲು ಮಾತ್ರ ಕೇಳ್ಬೇಡಿ” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದುಹೋದೆ. ಯಾಕೆಂದರೆ ಅವತ್ತು ಕಾರ್ಡನ್ನು ನಿನ್ನ ಕೈಗಿಟ್ಟು ಕಳಿಸಿದವರು ಅವರೇ ಎಂದು ನೀನೇ ಹೇಳುತ್ತಿದ್ದೆ. ನೋವಿನಿಂದ ಅಳುತ್ತಿದ್ದ ಪರರ ಮಗನಿಗೆ ಮಾಡಿದ ಉಪಕಾರ ತನ್ನ ಮಗನನ್ನು ಮೂವತ್ತೈದು ವರ್ಷ ನಂಬರಿನ ಕಲ್ಲಿನ ಕೆಳಗೆ ಮಲಗಿಸಿತು ಎಂದು ತೊಂಬತ್ತೊಂದರ ಹೆಂಗಸಿಗೆ ಯಾವ ಬಾಯಿಂದ ಹೇಳಲಿ? ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಸಿಕ್ಕಿದ ಎಂದಷ್ಟೇ ಹೇಳೋಣ, ಹೇಗೆ ತಪ್ಪಿಹೋಗಿದ್ದ ಎಂದು ಬೇಡ.

ಕಾಗದದ ಜೊತೆ ಆ ಹೇಳಿಕೆಯ ಹಾಳೆ ಇಟ್ಟಿದ್ದೇನೆ. ಸಹಿ ಎರಡು ಕಡೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಕ್ಯಾಪ್ಟನ್ ಸಾಕ್ಷಿ ಹಾಕಿದರೆ ಸಾಕು. ಆದರೆ ನಿನಗೆ ಆಗದಿದ್ದರೆ ಬೇಡ ರೇನೊ. ಜಗಳದ ವಿಷಯ ಹೊರಬೀಳುತ್ತದೆ ಎಂದು ನಿನಗೆ ಭಯವಿದ್ದರೆ ಹಾಳೆಯನ್ನು ಒಲೆಗೆ ಹಾಕು, ನನ್ನ ನೆನಪೇ ತಪ್ಪಿತ್ತು ಎಂದು ಆ ಅಧಿಕಾರಿಗೆ ಹೇಳುತ್ತೇನೆ, ಗ್ಲೆಂಡಾಳ ಬೈಗುಳ ಕೇಳಿಕೊಳ್ಳುತ್ತೇನೆ. ಜನವರಿಯಲ್ಲಿ ನೀನು ಬಂದ ಮೇಲೆ ಸೌನಾದಲ್ಲಿ ಕೂತು ಮಾತಾಡೋಣ. ಅಲ್ಲಿಯವರೆಗೆ ಚಿಕ್ಕಮ್ಮ ಇದ್ದರೆ ಇದ್ದರು.

ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸುತ್ತಿದ್ದೇನೆ, ಬೂದು ಬಣ್ಣದ್ದು ನಿನಗೆ, ಕೆಂಪು ನಿನ್ನ ಕುಂಟು ಕುದುರೆಯ ವರದಿಗಾರನಿಗೆ. ಅವನನ್ನು ಕೇಳಿದೆ ಎಂದು ಹೇಳು. ನವೆಂಬರಿನ ಗಾಳಿ ಏಳುವ ಮೊದಲು ದೊಡ್ಡ ಸರೋವರ ದಾಟಿಬಿಡಿ. ದೇವರು ನಿಮ್ಮೆಲ್ಲರ ತಲೆ ಕಾಯಲಿ.

ಅನುಮಾನಿಸಿದರೂ ಗುಂಡಿ ಹೊಲಿದು ಮುಗಿಸಿದ,
ನಿನ್ನ ಲೆಂಪಿ

ವಿ.ಸೂ. ಶುಕ್ರವಾರ. ಅಂಚೆ ಕಚೇರಿಯ ಬಾಗಿಲಲ್ಲಿ ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ, ಅಂಟಿಸಿದ್ದ ಲಕೋಟೆ ಹರಿದೆ. ಮೇಲೆ ಬರೆದ ‘ಒಲೆಗೆ ಹಾಕು’ ಎಂಬ ಮಾತು ಹೊಡೆದುಹಾಕು. ಇವತ್ತು ಬಂದ ಪೊಲೀಸು ಹುಡುಗಿ ತನ್ನ ಹಾಳೆಯನ್ನು ಗಟ್ಟಿಯಾಗಿ ಓದಿಬಿಟ್ಟಳು, “ಈ ಹಿಂದೆ ಹಲ್ಲಿನ ದಾಖಲೆ ಆಧಾರದ ಮೇಲೆ ಅಲ್ಲವೆಂದು ತೀರ್ಮಾನಿಸಿದೆ” ಎಂದು. ಚಿಕ್ಕಮ್ಮ “ಯಾವ ಹಲ್ಲು? ನನ್ನ ಮಗ ಹಲ್ಲಿನ ಡಾಕ್ಟರ ಮೆಟ್ಟಿಲೇ ಹತ್ತಿಲ್ವಲ್ಲ” ಅಂದರು. ಆಮೇಲೆ ನನ್ನ ಮುಖ ನೋಡಿದರು. ಲೋಟ ಕೆಳಗಿಟ್ಟು, “ಅದು ರೇನೊ ಹಲ್ಲು” ಅಂದರು. ನಾನು ಅವರ ಕಾಲ ಹತ್ತಿರ ಕೂತು ಅತ್ತೆ. ಅವರು ಅಳಲಿಲ್ಲ. “ಆ ಹುಡುಗ ಮೂರು ದಿನ ನಮ್ಮ ಬೆಂಚ್ ಮೇಲೆ ಕೆನ್ನೆ ಹಿಡ್ಕೊಂಡು ಕೂತಿದ್ದ, ಅವರಪ್ಪ ಇಕ್ಕಳ ಹುಡುಕ್ತಿದ್ರು. ಇವತ್ತು ಬಂದು ಕೂತ್ರೂ ಕಾರ್ಡ್ ಕೊಡ್ತೀನಿ” ಅಂದರು. ಇನ್ನೊಂದು ಕೇಳು, ಇದು ಮುಖ್ಯ: ಜಗಳ ಅವರಿಗೆ ಮೊದಲಿಂದಲೂ ಗೊತ್ತಿತ್ತಂತೆ. ಅವತ್ತು ಟೌನೊ ತುಟಿ ಒಡೆದುಕೊಂಡು ಮನೆಗೇ ಬಂದ. ಎರಡು ದಿನ ಅಮ್ಮ ಮಾಡಿದ ಮೀನಿನ ಸಾರು ಕುಡಿದುಕೊಂಡು ಮನೆಯಲ್ಲೇ ಬಿದ್ದುಕೊಂಡಿದ್ದ, ಮೂರನೇ ದಿನ ಬೆಳಿಗ್ಗೆ ಕೆಲಸ ಹುಡುಕಿಕೊಂಡು ಹೊರಟ. ಅಷ್ಟರಲ್ಲಿ ನೀನು ಸರೋವರದ ನಡುವೆ ಇದ್ದೆ. ನಿನಗೆ ತೊಂದರೆಯಾದೀತೆಂದು ಅವರು ಆ ಒಡೆದ ತುಟಿಯ ವಿಷಯವನ್ನಾಗಲಿ, ಆ ಎರಡು ದಿನದ ವಿಷಯವನ್ನಾಗಲಿ ಯಾರಿಗೂ ಹೇಳಲೇ ಇಲ್ಲವಂತೆ. ಇವತ್ತು ಆ ಹುಡುಗಿಗೆ ಬರೆಸಿ, ಕೆಳಗೆ ಹೆಬ್ಬೆಟ್ಟು ಗಾತ್ರದ ಅಕ್ಷರದಲ್ಲಿ ಸಹಿ ಹಾಕಿದ್ದಾರೆ. ಮೂವತ್ತೆಂಟು ವರ್ಷ ನೀನು ಯಾವ ಭಯ ಹೊತ್ತು ಸೌದೆ ಮನೆಗೆ ಹೋಗುತ್ತಿದ್ದೆಯೋ ಅದನ್ನು ಇಳಿಸು. ಸಹಿ ಹಾಕಿ ಅದೇ ಬಕೆಟ್‌ನಲ್ಲಿ ಕಳಿಸು. ನಾನು ಹೊರಡುವಾಗ ಚಿಕ್ಕಮ್ಮ ಕರೆದು ಒಂದು ಮಾತು ಹೇಳಿದರು: “ಕಾರ್ಡ್ ಕೊಟ್ಟೆ, ಆಮೇಲೆ ನೋವು ಹೋಯ್ತಾ ಅಂತ ಆ ಮಗೂನ ಕೇಳ್ಲೇ ಇಲ್ಲ. ಕೇಳಿ ಹೇಳು.” ಏನು ಹೇಳಲಿ, ಅದನ್ನೂ ಬರೆ.